ಕೆರೆಗೆ ಜಾತಿಯಿಲ್ಲ, ಹೊಗೆಗೂ ಇಲ್ಲ

ಪರಿಸರ ಸಂರಕ್ಷಣೆ ಎಂದೊಡನೆ ಜೂನ್ 5ರಂದು ಅಧಿಕಾರಿಗಳು ಸಸಿ ನೆಡುವ ಭಾವಚಿತ್ರ ನಮ್ಮ ಕಣ್ಮುಂದೆ ಬರುತ್ತದೆ. ಜನಸಾಮಾನ್ಯರಿಗೆ ಅಲ್ಲೇನು ಕೆಲಸ? ಈ ಪ್ರಶ್ನೆಗೆ ಕೊಪ್ಪಳ ಜಿಲ್ಲೆಯು ಎರಡು ಬಾರಿ ಉತ್ತರ ನೀಡಿದೆ.

2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಕರೆಗೆ ಓಗೊಟ್ಟು ಸಾವಿರಾರು ಮಂದಿ ಹಿರೇಹಳ್ಳಕ್ಕಿಳಿದರು. ತುಂಗಭದ್ರೆಯನ್ನು ಸೇರುವ ಈ ಹಳ್ಳವು ಮುಳ್ಳುಕಂಟಿ, ಹೂಳು ಮತ್ತು ಕಸದಿಂದ ಮುಚ್ಚಿಹೋಗಿತ್ತು. 20 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಅದನ್ನು ಶುಚಿಗೊಳಿಸಲಾಯಿತು. ಕುಷ್ಟಗಿ ಬಳಿಯ ನಿಡಶೇಸಿ ಕೆರೆ ಹಾಗೂ ತಾವರಗೇರಾದ ರಾಯನಕೆರೆಯ ಹೂಳೆತ್ತಲೂ ಜನರೇ ಕೈಜೋಡಿಸಿದರು. ಹಣವಿದ್ದವರು ಹಣ, ಟ್ರ್ಯಾಕ್ಟರ್ ಇದ್ದವರು ಟ್ರ್ಯಾಕ್ಟರ್, ಏನೂ ಇಲ್ಲದವರು ರಟ್ಟೆಯ ಬಲ ಕೊಡುವುದೇ ಇಂತಹ ಕಾರ್ಯದ ರೀತಿ. ಕೆರೆಯಲ್ಲಿ ನಿಂತ ನೀರು ನೆಲಕ್ಕಿಂಗಿ ಸುತ್ತಲಿನ ಕೊಳವೆಬಾವಿಗಳನ್ನು ಸೇರುತ್ತದೆ. ಬಾವಿಯ ಯಜಮಾನನ ಧರ್ಮ ಯಾವುದೆಂದು ಅದು ವಿಚಾರಿಸುವುದಿಲ್ಲ.

ಎರಡನೆಯ ಉತ್ತರ ಬಂದುದು 2025ರ ಫೆಬ್ರವರಿ 24ರಂದು. ಪಟ್ಟಣದ ಮಗ್ಗುಲಲ್ಲೇ ಬಲ್ದೋಟ ಸಂಸ್ಥೆಯು ಉಕ್ಕಿನ ಕಾರ್ಖಾನೆಯನ್ನು ವಿಸ್ತರಿಸುವುದನ್ನು ವಿರೋಧಿಸಿ ಅಂದು ಕೊಪ್ಪಳ ಬಂದ್ ಆಯಿತು. ಈಗಿರುವ ಕಾರ್ಖಾನೆಗಳ ಹೊಗೆ, ಧೂಳಿನಿಂದಲೇ ಬೇಸತ್ತ ಜನ ಬೀದಿಗಿಳಿದಿದ್ದರು. ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕಾಮಗಾರಿ ನಿಲ್ಲಿಸಲು ಸೂಚಿಸಿದರು. ಆದರೆ ಬಾಯಿಮಾತಿನ ಸೂಚನೆಗೂ ಲಿಖಿತ ಆದೇಶಕ್ಕೂ ಅಂತರವಿದೆ ಎಂಬುದನ್ನು ಮರೆಯಲಾಗದು.

ಹಾಗಾದರೆ ನಮ್ಮ ಯುವಕರಿಗೆ ಉದ್ಯೋಗ ಬೇಡವೇ? ಖಂಡಿತ ಬೇಕು. ಆದರೆ ದುಡಿದ ಕೂಲಿಯೆಲ್ಲ ಮಕ್ಕಳ ಕೆಮ್ಮಿನ ಔಷಧಿಗೇ ಹೋಗುವುದಾದರೆ ಅದನ್ನು ಅಭಿವೃದ್ಧಿ ಎನ್ನಲಾದೀತೇ? ಉದ್ಯೋಗ ಮತ್ತು ಉಸಿರು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಬಡವನಿಗೆ ಹೇಳುವ ಹಕ್ಕು ಯಾವ ಸರಕಾರಕ್ಕೂ ಇಲ್ಲ. ಜನರೇ ಹೂಳೆತ್ತಿದರೆಂದು ಸರಕಾರದ ಹೊಣೆಯೂ ಕಳೆಯುವುದಿಲ್ಲ. ಕೆರೆಯ ಗಡಿ ಗುರುತಿಸುವುದು, ಒತ್ತುವರಿ ತೆರವುಗೊಳಿಸುವುದು, ಚರಂಡಿ ನೀರು ಕೆರೆ ಸೇರದಂತೆ ತಡೆಯುವುದು ಅದರದೇ ಕರ್ತವ್ಯ.

ಹೂಳೆತ್ತುವುದು ಕೆಲವು ದಿನಗಳ ಉತ್ಸಾಹ. ಕಾಯುವುದು ಮಾತ್ರ ನಿತ್ಯದ ಕೆಲಸ. ಅದು ನಮ್ಮ ಮೊಹಲ್ಲಾಗಳಿಂದಲೇ ಆರಂಭವಾಗಲಿ. ಮದುವೆಯ ಪ್ಲಾಸ್ಟಿಕ್ ತಟ್ಟೆ, ಲೋಟಗಳು ಹಳ್ಳ ಸೇರದಂತೆ ಜಮಾಅತ್ ಸಮಿತಿಗಳು ನೋಡಿಕೊಳ್ಳಲಿ. ಮಸೀದಿಯ ವುಝೂ ನೀರು ಚರಂಡಿಯ ಬದಲು ಗಿಡಗಳ ಬುಡ ಸೇರಲಿ. ನೆರೆಯ ಓಣಿಯವರೊಂದಿಗೆ ಸೇರಿ ಪಟ್ಟಣ ಪಂಚಾಯತ್‌ಗೆ ಲಿಖಿತ ಮನವಿ ಸಲ್ಲಿಸೋಣ, ಉತ್ತರ ಬರುವವರೆಗೂ ಕೇಳೋಣ. ಮತ ಕೇಳಲು ಬರುವವರ ಮುಂದೆ ನಮ್ಮ ಮೊದಲ ಪ್ರಶ್ನೆ ಕೆರೆಯದ್ದಾಗಿರಲಿ.