ಲಿಫ್ಟಿನಾಗ ಇಬ್ಬರು, ಟಂಟಂನಾಗ ಹನ್ನೆರಡು ಮಂದಿ

ಇಂಡಸ್ಟ್ರಿಯಲ್ ಸೇಫ್ಟಿ ಕ್ಲಾಸಿನಲ್ಲಿ ಸರ್ ಒಂದು ಅಸೈನ್‌ಮೆಂಟ್ ಕೊಟ್ಟಿದ್ದರು. 2020ರ ಏಪ್ರಿಲ್ 15ರಂದು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಲಾಕ್‌ಡೌನ್ ಆದೇಶ ಇದೆಯಲ್ಲ, ಅದರ ಎರಡನೇ ಅನುಬಂಧ ಓದಿ, ಏನು ಬದಲಾಯಿಸಬಹುದು ಬರೆಯಿರಿ ಅಂತ. ಆಫೀಸು, ಕಾರ್ಖಾನೆ, ಕೆಲಸದ ಜಾಗ ಲಾಕ್‌ಡೌನ್‌ನಲ್ಲಿ ಹೇಗೆ ನಡೀಬೇಕು ಅನ್ನೋದರ ನಿಯಮಗಳು ಅವು. ಭಾನುವಾರ ಉಪ್ಪಿನಬೆಟಗೇರಿಯ ಮನೆ ಕಟ್ಟೆ ಮೇಲೆ ಕೂತು ಓದ್ತಿದ್ದೆ. ಪಕ್ಕದಲ್ಲಿ ಕಾಕಾ. ‘ಜೋರಾಗಿ ಓದೋ, ನಾನೂ ಕೇಳ್ತೇನಿ’ ಅಂದ್ರು.

ಓದಿದೆ. ಗೇಟಿನಲ್ಲಿ ಎಲ್ಲರಿಗೂ ಥರ್ಮಲ್ ಸ್ಕ್ಯಾನಿಂಗ್. ಮುಟ್ಟದೇ ಬಳಸುವಂಥ ಸ್ಯಾನಿಟೈಸರ್. ಎರಡು ಶಿಫ್ಟಿನ ನಡುವೆ ಒಂದು ತಾಸು ಅಂತರ. ಆರು ಅಡಿ ದೂರ ಕೂರಬೇಕು. ಗುಟ್ಕಾ, ತಂಬಾಕು, ಉಗುಳೋದು ನಿಷೇಧ. ಲಿಫ್ಟಿನಲ್ಲಿ, ಅದರ ಗಾತ್ರ ನೋಡಿ, 2 ಅಥವಾ 4 ಮಂದಿಗಿಂತ ಹೆಚ್ಚು ಹೋಗಬಾರದು.

ಲಿಫ್ಟ್ ಅಂದ ಕೂಡಲೇ ಕಾಕಾ ನಕ್ಕುಬಿಟ್ಟರು. ‘ನಮ್ಮೂರಾಗ ಲಿಫ್ಟ್ ಅಂದ್ರ ಯಾರದರ ಬೈಕ್ ಹಿಂದ ಕುಂತು ಧಾರವಾಡಕ್ಕ ಹೋಗೂದು. ಅದರಾಗೂ ಮೂರು ಮಂದಿ ಹೋಗೇವಿ.’

ನಗು ಬಂತು ಖರೆ. ಆದರೆ ಆಮೇಲೆ ಆ ಕಾಗದ ಮೊದಲಿನ ಹಾಗೆ ಓದೋಕೆ ಆಗಲಿಲ್ಲ. ಇದನ್ನು ಬರೆದವರ ಕಣ್ಣ ಮುಂದೆ ಒಂದು ಕಟ್ಟಡ ಇತ್ತು. ಅದಕ್ಕೊಂದು ಗೇಟು, ಗೇಟಿಗೊಬ್ಬ ವಾಚ್‌ಮನ್, ಮೇಲೊಬ್ಬ ಎಚ್‌ಆರ್. ನಮ್ಮೂರಿನ ಕೆಲಸದ ಜಾಗಕ್ಕೆ ಗೇಟು ಎಲ್ಲಿದೆ? ಹಿಟ್ಟಿನ ಗಿರಣಿ, ವೆಲ್ಡಿಂಗ್ ಅಂಗಡಿ, ಹೊಲದ ಬದು, ಚಾದಂಗಡಿ. ಗಿರಣಿ ಮುಂದೆ ಸುಣ್ಣದಲ್ಲಿ ವೃತ್ತ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಂದಕ್ಕೆ ಹೋಗಿತ್ತು, ಹಿಂಗಾಗಿ ಜೋಳ ಬೀಸಿಸಿಕೊಂಡು ಬರೋ ಕೆಲಸ ನನಗೇ ಬಿದ್ದಿತ್ತು. ಒಂದೊಂದು ವೃತ್ತದಲ್ಲಿ ಒಂದೊಂದು ಡಬ್ಬಿ, ಒಂದೊಂದು ಬುಟ್ಟಿ ಶಿಸ್ತಾಗಿ ಆರಡಿ ದೂರ ಕೂತಿರುತ್ತಿದ್ದವು. ಡಬ್ಬಿಯ ಮಾಲೀಕರೆಲ್ಲ ಬೇವಿನ ಗಿಡದ ನೆರಳಲ್ಲಿ ಭುಜಕ್ಕೆ ಭುಜ ಹಚ್ಚಿ ಹರಟೆ ಹೊಡೀತಿದ್ದರು! ಸೋಷಿಯಲ್ ಡಿಸ್ಟೆನ್ಸಿಂಗ್ ಅನ್ನು ಇಡೀ ಜಿಲ್ಲೆಯಲ್ಲಿ ನಮ್ಮೂರ ಡಬ್ಬಿಗಳಷ್ಟು ನಿಯತ್ತಾಗಿ ಯಾರೂ ಪಾಲಿಸಿರಲಿಕ್ಕಿಲ್ಲ.

ಇದು ತಮಾಷೆ. ತಮಾಷೆ ಅಲ್ಲದ್ದು ಕಾಕಾನ ಕಥೆ.

ಆ ಆದೇಶದ ಪ್ರಕಾರ ಏಪ್ರಿಲ್ 20ರಿಂದ ಮಹಾನಗರ ಪಾಲಿಕೆ, ಪುರಸಭೆಗಳ ಗಡಿಯ ಹೊರಗಿನ ಕೈಗಾರಿಕೆಗಳು ಕೆಲಸ ಶುರು ಮಾಡಬಹುದಿತ್ತು. ಕಾಕಾ ಹೋಗ್ತಿದ್ದದ್ದು ಧಾರವಾಡದ ಆಚೆ, ಪಾಲಿಕೆ ಗಡಿ ದಾಟಿದ ಮೇಲಿರೋ ಒಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ಡಿಗೆ. ಎಂಟು ಮಂದಿ ಕೆಲಸಗಾರರು. ಹೊರಗಿನಿಂದ ಬರೋ ಕಾರ್ಮಿಕರಿಗೆ ಮಾಲೀಕರೇ ವಾಹನ ಮಾಡಬೇಕು, ಅದರಲ್ಲೂ ಸೀಟಿನ 30-40 ಪರ್ಸೆಂಟ್ ಮಾತ್ರ ತುಂಬಬೇಕು ಅಂತ ನಿಯಮ. ಬಸ್ ಇಲ್ಲ, ನಮ್ಮ ರಾಜ್ಯದಲ್ಲಿ ಸರ್ಕಾರಿ ಬಸ್ ಮತ್ತೆ ಓಡಿದ್ದು ಮೇ 19ಕ್ಕೆ, ಅದೂ ಬಸ್ಸಿಗೆ 30 ಮಂದಿಯಂತೆ. ಕಾಕಾನ ಮಾಲೀಕ ಕೊಟ್ಟದ್ದು ವಾಹನ ಅಲ್ಲ, ಒಂದು ಲೆಟರ್. ಪೊಲೀಸರು ಹಿಡಿದರೆ ತೋರಿಸೋಕೆ. ಆ ಲೆಟರ್ ಕಿಸೆಯಲ್ಲಿಟ್ಟುಕೊಂಡು, ಸುತ್ತಲ ಹಳ್ಳಿಗಳ ಹನ್ನೆರಡು ಮಂದಿ ಒಂದೇ ಟಂಟಂನಲ್ಲಿ ಹೋಗ್ತಿದ್ದರು. ಇಳಿದ ಮೇಲೆ ಗೇಟಿನಲ್ಲಿ ಆರಡಿ ದೂರ ನಿಂತು ಹಣೆಗೆ ಗನ್ ಹಿಡಿಸಿಕೊಳ್ಳೋದು.

ಮಾಲೀಕನನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಅವನಿಗೂ ಬ್ಯಾಂಕಿನ ಕಂತು ಇತ್ತು, ಆರ್ಡರ್ ಇರಲಿಲ್ಲ. ಎಂಟು ಮಂದಿಗಾಗಿ ವ್ಯಾನ್ ಮಾಡಿಸೋ ಶಕ್ತಿ ಇರಲಿಲ್ಲ. ನಿಯಮದಲ್ಲಿ ‘ಮಾಡಬೇಕು’ ಅಂತಿತ್ತು, ದುಡ್ಡು ಯಾರದು ಅಂತ ಇರಲಿಲ್ಲ. ‘ಕಾರ್ಮಿಕರಿಗೆ ವೈದ್ಯಕೀಯ ವಿಮೆ ಕಡ್ಡಾಯ’ ಅಂತಲೂ ಅದರಲ್ಲಿ ಒಂದು ಸಾಲಿದೆ. ‘ಇದು ಇತ್ತೇನು ಕಾಕಾ?’ ಅಂದೆ. ‘ಈಗ ಕೇಳಾಕತ್ತೇನಿ ನೋಡು’ ಅಂದ್ರು.

ನನ್ನ ತಕರಾರು ಇಲ್ಲಿದೆ. ನಿಯಮಗಳಲ್ಲಿ ರಸ್ತೆಯಿಂದ ಜೀಪಿನಲ್ಲಿ ಕೂತವರಿಗೆ ಕಾಣೋದೆಲ್ಲ ಜಾರಿಯಾಯ್ತು: ಮಾಸ್ಕ್, ವೃತ್ತ, ಬಾಗಿಲ ಮುಂದಿನ ಸ್ಯಾನಿಟೈಸರ್ ಬಾಟ್ಲಿ. ಕಾಣದ್ದು ಮತ್ತು ಖರ್ಚಿನದ್ದು ಎಲ್ಲಾ ಕಾಗದದಲ್ಲೇ ಉಳೀತು.

ಜುಲೈನಲ್ಲಿ ಕಾಕಾಗೆ ಜ್ವರ ಬಂತು. ಈ ಮಾತನ್ನ ಅವರು ಈ ಭಾನುವಾರದವರೆಗೂ ನಮಗ್ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಡೋಲೋ ನುಂಗಿ, ಗೇಟಿನ ಹತ್ತಿರ ಐದು ನಿಮಿಷ ನೆರಳಲ್ಲಿ ನಿಂತು, ಮುಖಕ್ಕೆ ತಣ್ಣೀರು ಹಾಕಿಕೊಂಡು ಒಳಗೆ ಹೋಗ್ತಿದ್ದರಂತೆ. ಮೂರು ದಿನ. ಗನ್ ಎಲ್ಲಾ ದಿನ ನಾರ್ಮಲ್ ತೋರಿಸಿದೆ.

‘ಯಾಕ ಹಂಗ ಮಾಡಿದ್ರಿ?’ ಅಂದೆ. ಸ್ವಲ್ಪ ಸಿಟ್ಟೇ ಬಂದಿತ್ತು, ಆಗ ಮನೆಯಲ್ಲಿ ಆಯಿ ಇದ್ದಳು.

‘ಜ್ವರ ಐತಿ ಅಂದ್ರ ಹದಿನಾಕ ದಿನ ಮನ್ಯಾಗ ಕುಂದ್ರು ಅಂತಿದ್ರು ತಮ್ಮಾ. ಹದಿನಾಕ ದಿನದ ಪಗಾರ ಯಾರ ಕೊಡಾವ್ರು? ಎರಡು ತಿಂಗಳ ಮೊದಲ ಕುಂತು ತಿಂದಿದ್ವಿ.’

ನಾವು ಎಂಜಿನಿಯರಿಂಗ್ ಓದೋರು. ಸೆನ್ಸರ್ ಕೆಟ್ಟಿರಲಿಲ್ಲ. ಆದರೆ ಸೆನ್ಸರ್ ಮುಂದೆ ನಿಲ್ಲೋ ಮನುಷ್ಯನಿಗೆ ಖರೆ ರೀಡಿಂಗ್ ಕೊಟ್ಟರೆ ದಂಡ, ಸುಳ್ಳು ರೀಡಿಂಗ್ ಕೊಟ್ಟರೆ ಪಗಾರ. ಅಂಥ ಸಿಸ್ಟಮ್ ಯಾವ ಲ್ಯಾಬಿನಲ್ಲಿ ಕೆಲಸ ಮಾಡುತ್ತೆ? ಇಎಸ್‌ಐ ಇದ್ದವರಿಗೆ ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಪಗಾರದ 70 ಪರ್ಸೆಂಟ್ ಸಿಗುತ್ತೆ. ಆದರೆ ಅದು ಹತ್ತು ಅಥವಾ ಹೆಚ್ಚು ಮಂದಿ ಇರೋ ಕಡೆ. ಕಾಕಾನ ಶೆಡ್ಡಿನಲ್ಲಿ ಎಂಟು. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 275 ರೂಪಾಯಿ. ಅದೇ ದರ ಹಿಡಿದರೂ ಹದಿನಾಲ್ಕು ದಿನಕ್ಕೆ 3,850. ನಮ್ಮ ಒಂದು ಸೆಮಿಸ್ಟರಿನ ಮೆಸ್ ಬಿಲ್ಲಿಗಿಂತ ಕಡಿಮೆ. ಅಷ್ಟು ಸರ್ಕಾರ ಕೊಟ್ಟಿದ್ದರೆ ಥರ್ಮಲ್ ಗನ್ ಇಲ್ಲದೆಯೂ ಜ್ವರ ಗೊತ್ತಾಗುತ್ತಿತ್ತು, ಕಾಕಾನೇ ಹೇಳುತ್ತಿದ್ದರು.

ಅವಸರದಲ್ಲಿ ಬರೆದ ನಿಯಮ, ಆಗ ಯಾರಿಗೂ ಏನೂ ಗೊತ್ತಿರಲಿಲ್ಲ ಅಂತ ನೀವು ಹೇಳಬಹುದು. ಕೆಲವಕ್ಕೆ ಒಪ್ತೀನಿ. ಆ ಪಟ್ಟಿಯಲ್ಲಿ ಗೋಡೆಗೂ ವಾಹನಕ್ಕೂ ಔಷಧ ಸಿಂಪಡಿಸೋದು ಇದೆ, ಕಿಟಕಿ ತೆಗೆಯಿರಿ ಅಂತ ಇಲ್ಲ. ಸೋಂಕು ಗಾಳಿಯಲ್ಲಿ ಹತ್ತು ಮೀಟರ್‌ವರೆಗೂ ಹೋಗಬಹುದು, ಬಾಗಿಲು ಕಿಟಕಿ ತೆರೆದಿಡಿ ಅಂತ ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಹೇಳಿದ್ದು 2021ರ ಮೇನಲ್ಲಿ, ಎರಡನೇ ಅಲೆ ನಡೆದಿದ್ದಾಗ. ಅದು ತಿಳಿವಳಿಕೆಯ ಕೊರತೆ. ಆದರೆ ಪಗಾರ ಇಲ್ಲದಿದ್ದರೆ ಮನುಷ್ಯ ಜ್ವರ ಮುಚ್ಚಿಡ್ತಾನೆ ಅನ್ನೋದಕ್ಕೆ ಯಾವ ವಿಜ್ಞಾನಿ ಬೇಕು?

ಅವಸರವೇ ಕಾರಣ ಅನ್ನೋಕೂ ಆಗಲ್ಲ. ಕಾರ್ಮಿಕರಿಗೆ ಸೋಂಕು ಬಂದರೆ ನಮ್ಮನ್ನ ಜೈಲಿಗೆ ಹಾಕ್ತಾರೆ ಅಂತ ಕಂಪನಿಗಳಿಗೆ ಭಯ ಹುಟ್ಟಿತ್ತು. ಏಪ್ರಿಲ್ 23ಕ್ಕೆ, ಅಂದರೆ ಆದೇಶ ಬಂದ ಎಂಟೇ ದಿನಕ್ಕೆ, ಗೃಹ ಕಾರ್ಯದರ್ಶಿ ರಾಜ್ಯಗಳಿಗೆ ಪತ್ರ ಬರೆದು ಹಾಗೇನೂ ಇಲ್ಲ ಅಂತ ಸ್ಪಷ್ಟ ಮಾಡಿದರು. ಲಾಕ್‌ಡೌನ್‌ನಲ್ಲಿ ಮುಚ್ಚಿದ ದಿನಗಳಿಗೂ ಪಗಾರ ಕಡಿಯದೇ ಕೊಡಿ ಅಂದಿದ್ದ ಮಾರ್ಚ್ 29ರ ಆದೇಶ ಮಾತ್ರ ಮೇ 18ರಿಂದ ವಾಪಸ್. ಮೇ 22ಕ್ಕೆ ನಮ್ಮ ರಾಜ್ಯ ಸರ್ಕಾರ ಕಾರ್ಖಾನೆಗಳ ಕೆಲಸದ ಮಿತಿಯನ್ನ ದಿನಕ್ಕೆ 10, ವಾರಕ್ಕೆ 60 ತಾಸಿಗೆ ಏರಿಸಿತು. ಹೈಕೋರ್ಟಿಗೆ ಹೋದ ಮೇಲೆ ಜೂನ್ 11ಕ್ಕೆ ಹಿಂದೆ ತಗೊಂಡಿತು.

ಇದೆಲ್ಲ ಮುಗಿದ ಕಥೆ, ಈಗ್ಯಾಕೆ ಅಂತ ಹಾಸ್ಟೆಲ್‌ನಲ್ಲಿ ಗೆಳೆಯ ಕೇಳಿದ. ಮುಗಿದಿಲ್ಲ. ಗುಜರಾತಿನ ಇಂಥದ್ದೇ ಆದೇಶವನ್ನ 2020ರ ಅಕ್ಟೋಬರ್ 1ಕ್ಕೆ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕಾರ್ಖಾನೆ ಕಾಯ್ದೆಯಲ್ಲಿ ವಿನಾಯಿತಿಗೆ ಅಂತ ಇದ್ದ ‘ಸಾರ್ವಜನಿಕ ತುರ್ತು’ ಯುದ್ಧದಂಥ, ದೇಶದ ಭದ್ರತೆಗೇ ಅಪಾಯ ಬರೋ ಸ್ಥಿತಿ. ಸಾಂಕ್ರಾಮಿಕ ಅದರೊಳಗೆ ಬರಲ್ಲ ಅಂತು. ಈಗ ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಹೊಸ ಸಂಹಿತೆ ಬಂದಿದೆ. ಅದರಲ್ಲಿ ಸಾಂಕ್ರಾಮಿಕ ಬಂದರೆ ಸುರಕ್ಷತೆಯ ನಿಯಮಗಳಿಂದಲೇ ವಿನಾಯಿತಿ ಕೊಡೋ ಅಧಿಕಾರ ಸರ್ಕಾರಕ್ಕಿದೆ, ಒಂದು ಸಲಕ್ಕೆ ಒಂದು ವರ್ಷದವರೆಗೆ. ಕಾರ್ಖಾನೆ ಅನ್ನಿಸಿಕೊಳ್ಳೋಕೆ ವಿದ್ಯುತ್ ಬಳಸೋ ಕಡೆ ಮೊದಲು 10 ಕಾರ್ಮಿಕರು ಸಾಕಿತ್ತು, ಈಗ 20 ಬೇಕು. ಕಾಕಾನ ಶೆಡ್ಡು ಅಂದೂ ಹೊರಗೆ, ಇಂದೂ ಹೊರಗೆ. ಈಗ ಅದರ ಪಕ್ಕದ ಹದಿನೈದು ಮಂದಿಯ ಶೆಡ್ಡೂ ಹೊರಗೆ. ಮುಂದಿನ ಸಲ ಗೇಟಿನಲ್ಲಿ ಗನ್ ಹಿಡಿದು ನಿಲ್ಲಿಸೋ ಸೂಪರ್‌ವೈಸರ್, ಸೇಫ್ಟಿ ಆಫೀಸರ್ ನಮ್ಮ ಬ್ಯಾಚಿನವರೇ ಇರ್ತೀವಿ.

ಅಸೈನ್‌ಮೆಂಟಿನಲ್ಲಿ ನಾನು ಒಂದೇ ಬದಲಾವಣೆ ಬರೆದೆ: ಥರ್ಮಲ್ ಸ್ಕ್ಯಾನಿಂಗ್‌ಗಿಂತ ಮೊದಲು, ಜ್ವರ ಬಂದ ಕಾರ್ಮಿಕನ ಹದಿನಾಲ್ಕು ದಿನದ ಪಗಾರ ಯಾರು, ಎಷ್ಟು ದಿನದೊಳಗೆ ಕೊಡ್ತಾರೆ ಅನ್ನೋದು ಬರಬೇಕು. ಸಣ್ಣ ಶೆಡ್ಡಾದರೆ ಸರ್ಕಾರವೇ ಕೊಡಬೇಕು.

ಕಾಕಾಗೆ ಓದಿ ಹೇಳಿದೆ. ‘ಎಷ್ಟು ಮಾರ್ಕ್ಸಿಂದು ಇದು?’ ಅಂದ್ರು. ಹತ್ತು ಅಂದೆ. ಸೋಮವಾರ ಬೆಳಿಗ್ಗೆ ಅವರ ಬುತ್ತಿ ಚೀಲಕ್ಕೆ ರೊಟ್ಟಿ ಇಡೋಕೆ ಹೋದಾಗ ಸೈಡಿನ ಜಿಪ್ಪಿನಲ್ಲಿ ಡೋಲೋ ಸ್ಟ್ರಿಪ್ ಕಂಡಿತು. ‘ಇದು ಇನ್ನೂ ಯಾಕ ಇಟ್ಕೊಂಡೀರಿ?’ ಅಂತ ಕೇಳಿದೆ.

‘ಶೆಡ್ಡ ಅದ ಐತಲ್ಲೋ’ ಅಂದ್ರು.