ಕೆಡವುವ ಮುನ್ನ ಒಳಗೋಡೆಗಳನ್ನು ನೋಡಿರಿ

ಬೆಂಗಳೂರಿನಲ್ಲಿ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಎದ್ದ ಅಪಾರ್ಟ್‌ಮೆಂಟುಗಳಿಗೆ ಈಗ ಮುಪ್ಪು ಬಂದಿದೆ. ಅವುಗಳೊಳಗಿನ ನಿವಾಸಿಗಳಲ್ಲಿ ಅನೇಕರಿಗೂ ಬಂದಿದೆ. ದಂಪತಿಗಳೂ ಶಾಲೆಗೆ ಹೋಗುವ ಇಬ್ಬರು ಮಕ್ಕಳೂ ಉಳ್ಳ ಸಂಸಾರವನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿಸಿದ ನಕ್ಷೆಯೊಳಗೆ, ಮಕ್ಕಳು ದೇಶಾಂತರಗಳಲ್ಲಿ ನೆಲೆಸಿದ ಬಳಿಕ ಉಳಿದ ವೃದ್ಧರಿಬ್ಬರು, ಉಪಯೋಗಕ್ಕೆ ಬಾರದ ಕೋಣೆಗಳನ್ನು ಗುಡಿಸುತ್ತ, ಗಾಲಿಕುರ್ಚಿ ನುಗ್ಗದ ಎರಡೂವರೆ ಅಡಿಯ ಬಚ್ಚಲುಬಾಗಿಲಿನ ಮುಂದೆ ಪರರ ಭುಜಕ್ಕಾಗಿ ಕಾಯುತ್ತ ದಿನ ನೂಕುತ್ತಿದ್ದಾರೆ. ಈ ಕಟ್ಟಡಗಳನ್ನೇನು ಮಾಡತಕ್ಕದ್ದೆಂಬ ಪ್ರಶ್ನೆಗೆ ಗಟ್ಟಿಯಾಗಿ ಕೇಳಿಬರುತ್ತಿರುವ ಉತ್ತರವೆಂದರೆ, ಸಮೂಲವಾಗಿ ಕೆಡವಿ ಬಿಲ್ಡರನ ಕೈಗೊಪ್ಪಿಸಬೇಕೆಂಬುದು. ಇದನ್ನು ನಾನು ಒಪ್ಪಲಾರೆ.

ಮೂರು ಅಂತಸ್ತಿನ ಹಳೆಯ ಕಟ್ಟಡದಲ್ಲಿ ಫ್ಲ್ಯಾಟುಗಳು ಕೆಲವೇ ಆದುದರಿಂದ, ಒಬ್ಬೊಬ್ಬ ಮಾಲೀಕನ ಪಾಲಿನ ಭೂಮಿಯ ಅವಿಭಜಿತ ಹಿಸ್ಸೆ ಹೊಸ ಗೋಪುರಗಳಲ್ಲಿರುವುದಕ್ಕಿಂತ ಬಹಳ ದೊಡ್ಡದು. ಬಿಲ್ಡರನ ದೃಷ್ಟಿ ನೆಟ್ಟಿರುವುದು ಆ ಹಿಸ್ಸೆಯ ಮೇಲೆಯೇ. ಹೊಸ ಮನೆ ಬರುವ ತನಕ ಬಾಡಿಗೆ ಕೊಡುವೆನೆಂದು ಅವನು ಹೇಳಬಹುದು. ಆದರೆ ಎಂಬತ್ತರ ವಯಸ್ಸಿನವರಿಗೆ ಆ ಮೂರು ನಾಲ್ಕು ವರ್ಷಗಳನ್ನು ಹಿಂದಿರುಗಿಸಿಕೊಡಬಲ್ಲವರು ಯಾರು?

ಕೆಡವದೆಯೇ ಒಳಗಿನ ನಕ್ಷೆಯನ್ನು ಬದಲಿಸಲು ಸಾಧ್ಯವೇ ಎಂದು ಸಂಶಯಿಸುವವರು ತಮ್ಮ ಕಟ್ಟಡದ ಅಸ್ಥಿಪಂಜರವನ್ನು ಪರೀಕ್ಷಿಸಬೇಕು. ಕಾಂಕ್ರೀಟಿನ ಪಿಲ್ಲರು ಬೀಮುಗಳ ಮೇಲೆ ನಿಂತ ಕಟ್ಟಡಗಳಲ್ಲಿ ಭಾರವನ್ನೆಲ್ಲ ಆ ಚೌಕಟ್ಟೇ ತಳಪಾಯಕ್ಕೆ ಇಳಿಸುತ್ತದೆ. ಕೋಣೆಗಳ ನಡುವಿನ ನಾಲ್ಕೂವರೆ ಇಂಚಿನ ಇಟ್ಟಿಗೆಯ ಗೋಡೆ ಸಾಮಾನ್ಯವಾಗಿ ತನ್ನ ತೂಕದ ಹೊರತು ಬೇರೇನನ್ನೂ ಹೊರುವುದಿಲ್ಲ. ಅದನ್ನು ತೆಗೆದು ಎರಡು ಕೋಣೆಗಳನ್ನು ಒಂದಾಗಿಸಬಹುದು, ಅಡಿಗೆಮನೆಯನ್ನು ನಡುಮನೆಗೆ ತೆರೆಯಬಹುದು, ಬಚ್ಚಲುಬಾಗಿಲನ್ನು ಮೂರಡಿಗೆ ಹಿಗ್ಗಿಸಿ ಒಳಗೆ ಗಾಲಿಕುರ್ಚಿ ತಿರುಗುವುದಕ್ಕೆ ಬೇಕಾದ ಐದಡಿ ಅವಕಾಶವನ್ನು ಕಲ್ಪಿಸಬಹುದು. ಒಂಬತ್ತು ಇಂಚಿನ ಗೋಡೆಗಳೇ ಸ್ಲ್ಯಾಬನ್ನು ಹೊತ್ತಿರುವೆಡೆಗಳಲ್ಲಿ ಈ ಸ್ವಾತಂತ್ರ್ಯವಿಲ್ಲ. ಬಚ್ಚಲನ್ನೇ ಬೇರೆಡೆಗೆ ಒಯ್ಯುವುದೂ ಸಲ್ಲದು. ಅದರ ಕೆಳಗೆ ಮಾತ್ರ ಸ್ಲ್ಯಾಬನ್ನು ತಗ್ಗಿಸಿ ಕೊಳವೆಗಳನ್ನು ಹುದುಗಿಸಿರುವುದರಿಂದ, ಮೇಲಿನವರು ಸ್ಥಳ ಬದಲಿಸಿದರೆ ಕೆಳಗಿನವರ ಮಲಗುವ ಕೋಣೆ ಸೋರತೊಡಗುತ್ತದೆ. ಅಸೋಸಿಯೇಷನ್ನುಗಳ ಎಷ್ಟೋ ಕಲಹಗಳು ಹುಟ್ಟುವುದು ಇಲ್ಲಿಯೇ.

ಫ್ರಾನ್ಸಿನ ಬೋರ್ಡೋ ನಗರದ ಗ್ರಾಂ ಪಾರ್ಕ್ ಬಡಾವಣೆಯಲ್ಲಿ, 1960ರ ದಶಕದ ಮೂರು ಕಟ್ಟಡಗಳ 530 ಮನೆಗಳನ್ನು ಲಾಕಟೊನ್ ಮತ್ತು ವಸ್ಸಾಲ್ ಎಂಬ ವಾಸ್ತುಶಿಲ್ಪಿಗಳು ಸಹೋದ್ಯೋಗಿಗಳೊಡನೆ ಪುನಾರಚಿಸಿದಾಗ, ನಿವಾಸಿಗಳನ್ನು ಹೊರಡಿಸದೆಯೇ ಪ್ರತಿ ಮನೆಗೂ ಸುಮಾರು ನಾಲ್ಕು ಮೀಟರು ಆಳದ ಬೆಳಕಿನ ಪಡಸಾಲೆಯನ್ನು ಹೊರಗಿನಿಂದ ಜೋಡಿಸಿದರು. 2021ರಲ್ಲಿ ಅವರಿಬ್ಬರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಸಂದಿತು. ಅಲ್ಲಿ ಒಡೆತನ ಒಂದೇ ಸಂಸ್ಥೆಯದು, ಇಲ್ಲಿ ಹಲವರದೆಂಬ ಆಕ್ಷೇಪ ಸತ್ಯವೇ. ಹಲವರದಾದುದರಿಂದಲೇ, ಎಲ್ಲರೂ ಮನೆ ಬಿಡಬೇಕಾದ ನೆಲಸಮಕ್ಕಿಂತ ಒಬ್ಬೊಬ್ಬರ ಮನೆಯೊಳಗಿನ ತಿದ್ದುಪಡಿ ಸುಲಭಸಾಧ್ಯವಾದುದು.

ಗುರುಗ್ರಾಮದ ಚಿಂಟೆಲ್ಸ್ ಪ್ಯಾರಡೈಸೊ ಎಂಬ ವಸತಿ ಸಮುಚ್ಚಯದಲ್ಲಿ 2022ರ ಫೆಬ್ರುವರಿಯಲ್ಲಿ ಫ್ಲ್ಯಾಟೊಂದರ ನವೀಕರಣ ನಡೆದಿದ್ದಾಗ ಚಾವಣಿಗಳು ಒಂದರ ಮೇಲೊಂದು ಕುಸಿದು ಇಬ್ಬರು ಮಡಿದುದನ್ನು ನಾನು ಮರೆತಿಲ್ಲ. ಆ ಕಟ್ಟಡ ಹಳೆಯದಾಗಿರಲಿಲ್ಲ. ಅದರ ಕಾಂಕ್ರೀಟಿನಲ್ಲಿ ಕಬ್ಬಿಣವನ್ನು ತಿನ್ನುವ ಕ್ಲೋರೈಡು ಇದ್ದಿತೆಂದು ದೆಹಲಿಯ ಐಐಟಿ ತಜ್ಞರು ಕಂಡುಹಿಡಿದರು. ಪರೀಕ್ಷೆಯಿಲ್ಲದೆ ಸುತ್ತಿಗೆ ಎತ್ತಬಾರದೆಂಬುದಕ್ಕೆ ಅದು ನಿದರ್ಶನ. ಯಾರೂ ಯಾವ ಗೋಡೆಯನ್ನೂ ಮುಟ್ಟಬಾರದೆಂದು ಅಸೋಸಿಯೇಷನ್ನುಗಳು ಹಾಕುವ ಕಟ್ಟಳೆಗೆ ಅದು ಸಮರ್ಥನೆಯಾಗದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಅಧಿನಿಯಮ ಮುಖ್ಯವಾಗಿ ತಡೆಯುವುದು ಕಟ್ಟಡದ ಭದ್ರತೆಗೆ ಕುಂದು ತರುವ ಕೆಲಸವನ್ನು. ಬಚ್ಚಲುಬಾಗಿಲನ್ನು ಅರ್ಧ ಅಡಿ ಅಗಲಿಸುವುದನ್ನಲ್ಲ.

ಆದುದರಿಂದ, ಪಿಲ್ಲರು ಬೀಮುಗಳ ಮೂಲ ನಕ್ಷೆ ಪ್ರತಿ ಅಸೋಸಿಯೇಷನ್ನಿನ ಕಪಾಟಿನಲ್ಲಿರಬೇಕು. ನಕ್ಷೆ ಕಳೆದುಹೋಗಿದ್ದಲ್ಲಿ ಕಟ್ಟಡವನ್ನು ಅಳೆಯಿಸಿ ಹೊಸದನ್ನು ಬರೆಯಿಸಬೇಕು. ಅರ್ಹ ಸ್ಟ್ರಕ್ಚರಲ್ ಎಂಜಿನಿಯರ್ ಸ್ಥಳಪರೀಕ್ಷೆ ಮಾಡಿ ಸಹಿ ಹಾಕಿದ ಬದಲಾವಣೆಗೆ ಮೂವತ್ತು ದಿನಗಳೊಳಗೆ ಒಪ್ಪಿಗೆ ದೊರೆಯಬೇಕು. ನೆಲಸಮದ ಪ್ರಸ್ತಾಪವನ್ನು ಮತಕ್ಕೆ ಹಾಕುವ ಸಭೆಯಲ್ಲಿ, ಅದೇ ಕಟ್ಟಡವನ್ನು ದುರಸ್ತಿಗೊಳಿಸಿ ಒಳಗೋಡೆಗಳನ್ನು ತಿದ್ದಿ, ಸ್ಥಳವಿದ್ದಲ್ಲಿ ಹೊರಗಿನಿಂದ ಲಿಫ್ಟೊಂದನ್ನು ಸೇರಿಸಲು ತಗಲುವ ವೆಚ್ಚದ ಅಂದಾಜೂ ಕನ್ನಡದಲ್ಲಿ ಪ್ರತಿಯೊಬ್ಬ ಮಾಲೀಕನ ಕೈಯಲ್ಲಿರಬೇಕು.