ಹಲವು ನುಡಿಗಳ ಮನೆ, ಕಾಲೇಜಿನ ಹಂಬಲ

ಕಾಲೇಜು ಶಿಕ್ಷಣದಿಂದ ವಿದ್ಯಾರ್ಥಿಗಳು ಏನನ್ನು ನಿರೀಕ್ಷಿಸುತ್ತಾರೆ ಎಂಬುದು ಅವರ ಅಂಕಗಳಿಂದಲೂ ಮನೆಯ ವರಮಾನದಿಂದಲೂ ಮಾತ್ರ ನಿರ್ಧಾರವಾಗುವುದಿಲ್ಲ. ಅವರು ಎಂಥ ನುಡಿ, ನಡೆ, ನಂಬಿಕೆಗಳ ನಡುವೆ ಬೆಳೆದರು ಎಂಬುದಕ್ಕೂ ಅದರಲ್ಲಿ ದೊಡ್ಡ ಪಾಲಿದೆ. ಬಹುಸಂಸ್ಕೃತಿಯ ಪಾಲನೆ, ಅಂದರೆ ಒಂದಕ್ಕಿಂತ ಹೆಚ್ಚು ಸಮುದಾಯಗಳ ರೀತಿನೀತಿಗಳನ್ನು ದಿನನಿತ್ಯ ರೂಢಿಸಿಕೊಂಡು ಬೆಳೆಯುವುದು, ಮಹಾನಗರಗಳಿಗಷ್ಟೇ ಸೇರಿದ್ದೆಂಬ ಭಾವನೆ ಸರಿಯಲ್ಲ. ಮಂಡ್ಯ ಅಪ್ಪಟ ಕನ್ನಡದ ಸೀಮೆಯೆಂದು ಹೆಸರಾಗಿದ್ದರೂ, ಮದ್ದೂರು, ಮಳವಳ್ಳಿಗಳಲ್ಲಿ ಮನೆಯೊಳಗೆ ಉರ್ದುವನ್ನೂ ಸಂತೆಯಲ್ಲಿ ಆ ನೆಲದ ಕನ್ನಡವನ್ನೂ ಸಲೀಸಾಗಿ ಆಡುವ ಕುಟುಂಬಗಳಿವೆ. ಮೇಲುಕೋಟೆಯ ಶ್ರೀವೈಷ್ಣವ ಮನೆತನಗಳಲ್ಲಿ ತಮಿಳು ಉಳಿದು ಬಂದಿದೆ. ಮದ್ದೂರಿಗೂ ಮಂಡ್ಯಕ್ಕೂ ನಡುವಣ ಹನಕೆರೆಯ ಮಕ್ಕಳು ರೈಲು ಹತ್ತಿ ಪೇಟೆಗೆ ಬಂದಾಗ ಇವರೆಲ್ಲರ ಜೊತೆಯಲ್ಲೇ ಬೆಂಚು ಹಂಚಿಕೊಳ್ಳುತ್ತಾರೆ.

ಇಂಥ ಪಾಲನೆ ಮೊದಲು ಮಾಡುವ ಕೆಲಸವೆಂದರೆ, ಓದಿನ ದಾರಿ ಒಂದೇ ಅಲ್ಲ ಎಂಬ ಅರಿವನ್ನು ಕೊಡುವುದು. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅವರ ಮನೆಯಲ್ಲಿ ತಾಯಿಯೊಡನೆ ತಮಿಳು, ಗಣಿತದ ಪ್ರಾಧ್ಯಾಪಕರಾಗಿದ್ದ ತಂದೆಯೊಡನೆ ಇಂಗ್ಲಿಷು, ಹೊಸಿಲು ದಾಟಿದರೆ ಕನ್ನಡ ನಡೆಯುತ್ತಿತ್ತು. ಕಾಲೇಜಿನಲ್ಲಿ ವಿಜ್ಞಾನ ಹಿಡಿದಿದ್ದ ಅವರು ತಂದೆಯ ಸಲಹೆಯಂತೆ ಇಂಗ್ಲಿಷ್ ಸಾಹಿತ್ಯಕ್ಕೆ ಹೊರಳಿದರು. ಮುಂದೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾ ತಮಿಳಿನ ಸಂಗಂ ಕವಿತೆಗಳನ್ನೂ ಕನ್ನಡದ ವಚನಗಳನ್ನೂ ಇಂಗ್ಲಿಷಿಗೆ ತಂದರು. ಪದವಿ ಕೊಟ್ಟದ್ದು ಇಂಗ್ಲಿಷಿನ ಶಿಸ್ತನ್ನಾದರೆ, ಆ ಶಿಸ್ತನ್ನು ಯಾವುದಕ್ಕೆ ತೊಡಗಿಸಬೇಕೆಂಬ ತಿಳಿವಳಿಕೆ ಬಂದದ್ದು ಮನೆಯಿಂದ ಮತ್ತು ಬೀದಿಯಿಂದ. ಉರ್ದು ಮನೆಮಾತಿನ ಕೆ.ಎಸ್. ನಿಸಾರ್ ಅಹಮದ್ ಭೂವಿಜ್ಞಾನ ಓದಿ, ಅದನ್ನೇ ಬೋಧಿಸಿ, ಕನ್ನಡದ ಕವಿಯಾದರು.

ಆದರೆ ಇದೇ ಪಾಲನೆ ಹಂಬಲವನ್ನು ಸೀಳುವುದೂ ಉಂಟು. ತಮ್ಮ ನುಡಿಯ ಶಾಲೆಯಲ್ಲೇ ಮಕ್ಕಳು ಓದಲೆಂದು ಹಿರಿಯರು ಬಯಸುತ್ತಾರೆ. ಮುಂದಿನ ಬಾಗಿಲುಗಳಿಗೆ ಬೇರೆ ಬೀಗದ ಕೈ ಬೇಕಾಗುತ್ತದೆ. ಸಿಇಟಿಯನ್ನು, ಅಂದರೆ ವೃತ್ತಿಶಿಕ್ಷಣದ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ನೋಡಬಹುದು. ಅದರ ಸೀಟು ಹಂಚಿಕೆಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿಯಿದೆ, ಅದಕ್ಕೆ ಮುಖ್ಯೋಪಾಧ್ಯಾಯರು ಬರೆದುಕೊಟ್ಟ ವ್ಯಾಸಂಗ ಪ್ರಮಾಣಪತ್ರದ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೀಳಬೇಕು. ನಿಯಮ ನ್ಯಾಯವಾದದ್ದೇ, ಕನ್ನಡ ಶಾಲೆಯ ಮಕ್ಕಳಿಗೆ ಇಷ್ಟಾದರೂ ಆಸರೆ ಇರಲೇಬೇಕು. ಆದರೂ ಉರ್ದು ಶಾಲೆಯಲ್ಲಿ ಓದಿ, ಕನ್ನಡದಲ್ಲಿ ವ್ಯವಹರಿಸಿ, ಇಂಗ್ಲಿಷಿನಲ್ಲಿ ಪರೀಕ್ಷೆಗೆ ಸಿದ್ಧಳಾದ ಹುಡುಗಿಯ ಮೂರು ನುಡಿಗಳ ದುಡಿಮೆ ಆ ಕಾಗದದ ಯಾವ ಕಲಮಿನಲ್ಲೂ ಕಾಣುವುದಿಲ್ಲ. ತನ್ನ ಬಲ ಎಲ್ಲೂ ಎಣಿಕೆಗೆ ಬಾರದೆಂದು ಕಂಡಾಗ ಅದನ್ನು ಕೊರತೆಯೆಂದೇ ನಂಬಿ, ಹತ್ತಿರದ, ಸುಲಭದ ಕೋರ್ಸಿಗೆ ಆಸೆಯನ್ನು ಇಳಿಸಿಕೊಳ್ಳುವ ಅಪಾಯ ನಿಜವಾದದ್ದು.

ಹೀಗೆ ಇಳಿಯುವ ಆಸೆಯನ್ನು ಮೇಲೆತ್ತಲೂ ಬಹುದು. 1962ರಲ್ಲಿ ಕೆ.ವಿ. ಶಂಕರಗೌಡರು ಮಂಡ್ಯದಲ್ಲಿ ಪಿಇಎಸ್ ಇಂಜಿನಿಯರಿಂಗ್ ಕಾಲೇಜನ್ನು ಕಟ್ಟಿದಾಗ, ರೈತರ ಮಕ್ಕಳೂ ಇಂಜಿನಿಯರಾಗಬಹುದೆಂಬ ನಿರೀಕ್ಷೆಗೆ ಊರಿನಲ್ಲೇ ನೆಲೆ ಸಿಕ್ಕಿತು. ಕಟ್ಟಡ ಹತ್ತಿರ ಬಂದರೆ ಆಸೆ ಬೆಳೆಯುವುದಾದರೆ, ಮಕ್ಕಳು ತಂದ ನುಡಿಸಂಪತ್ತನ್ನು ತರಗತಿ ಗುರುತಿಸಿದರೂ ಅದು ಬೆಳೆಯುತ್ತದೆ. ಪಿಯುಸಿಗೆ ಸೇರುವ ದಿನವೇ ಉಪನ್ಯಾಸಕರು ಪ್ರತಿ ವಿದ್ಯಾರ್ಥಿಯನ್ನೂ ಬಲ್ಲ ನುಡಿಗಳೆಷ್ಟೆಂದು ಕೇಳಿ ಬರೆದುಕೊಳ್ಳಲಿ. ಪಾಠದಲ್ಲಿ, ಚರ್ಚೆಯಲ್ಲಿ, ಮುಂದಿನ ಓದಿನ ಸಲಹೆಯಲ್ಲಿ ಆ ಪಟ್ಟಿಯನ್ನು ಬಳಸಲಿ.